ಮೂರನೇ ಪುಸ್ತಕದವರೆಗೆ ಸಾಕು

ಅಕ್ಕಾವ್ರೆ, ಮಗಳಿಗೆ 9 ವರ್ಷ, ಹ್ಯಾರಿ ಪಾಟರ್ ಮೊದಲ ಪುಸ್ತಕ ಮೂರೇ ದಿನಕ್ಕೆ ಮುಗಿಸಿದಳು, ಉಳಿದ ಆರನ್ನೂ ಒಟ್ಟಿಗೆ ಕೊಡಿಸಲಾ ಅಂತ ಕೇಳಿದ್ದೀರಿ. ಬೇಡ. ಸದ್ಯ ಮೂರನೆಯದರವರೆಗೆ ಕೊಡಿ.

ಮೊದಲ ಪುಸ್ತಕದಲ್ಲಿ ಹ್ಯಾರಿಗೆ 11 ತುಂಬುತ್ತದೆ, ಕೊನೆಯದರಲ್ಲಿ 17. ಹುಡುಗ ಬೆಳೆದ ಹಾಗೆ ಕತೆಯೂ ಭಾರವಾಗುತ್ತದೆ. ನಾಲ್ಕನೆಯದರ ಕೊನೆಗೆ ಒಬ್ಬ ಒಳ್ಳೆಯ ಹುಡುಗನ ಕೊಲೆಯಾಗುತ್ತದೆ. ಜಾಣ ಮಕ್ಕಳಿಗೆ ಅಲ್ಲಿನ ಪದಗಳು ಕಷ್ಟವಲ್ಲ, ಆ ಸಾವು ಕಷ್ಟ. ನನ್ನ ಮಗ 9ನೇ ವಯಸ್ಸಿಗೇ ಅದನ್ನು ಓದಿ ಎರಡು ರಾತ್ರಿ ಲೈಟ್ ಆರಿಸಲು ಬಿಡಲಿಲ್ಲ. ಚೆನ್ನಾಗಿ ಓದ್ತಾನೆ ಅಂತ ಸುಮ್ನೆ ಕೊಟ್ಟುಬಿಟ್ಟಿದ್ದೆ. ಈಗಲೂ ಬೇಜಾರಿದೆ.

ನಡುವೆ ನಾರ್ನಿಯಾ ಸರಣಿ ಓದಿಸಿ, ಅದೂ ಮಾಯಾಲೋಕದ ಕತೆ. 7 ಪುಸ್ತಕ, ಎಲ್ಲವೂ ತೆಳು. ಅಲ್ಲೂ ಮಕ್ಕಳನ್ನು ಕಾಯುವ ಸಿಂಹವೊಂದು ಸಾಯುತ್ತದೆ, ಆದರೆ ಬೆಳಗಾಗುವಷ್ಟರಲ್ಲಿ ಎದ್ದು ಬರುತ್ತದೆ. ಮಗುವಿಗೆ ಅಷ್ಟು ಧೈರ್ಯ ಬೇಕಲ್ವಾ? ಆ ಪುಟಗಳನ್ನು ಪಕ್ಕದಲ್ಲಿ ಕೂತು ಓದಿ. ಆಮೇಲೆ ಹಾಬಿಟ್. 1937ರಲ್ಲಿ ಮಕ್ಕಳಿಗೆಂದೇ ಬಂದ ಪುಸ್ತಕ. ಅದರ ಮುಂದಿನ ಲಾರ್ಡ್ ಆಫ್ ದಿ ರಿಂಗ್ಸ್ ಹೈಸ್ಕೂಲಿಗೆ ಇರಲಿ. ಪರ್ಸಿ ಜಾಕ್ಸನ್ ಅನ್ನು ಮುಂದಿನ ವರ್ಷ ಕೊಡಬಹುದು, ಗ್ರೀಕ್ ದೇವರ ಕತೆ, ನಗುವೂ ಜಾಸ್ತಿ.

ವಿಜಯಪುರದಿಂದ ಬಾಗಲಕೋಟೆ ಕಡೆ ಬಂದರೆ ತಿಳಿಸಿ. ನಾವು ನವನಗರದಲ್ಲೇ ಇದ್ದೇವೆ, ನಾರ್ನಿಯಾ ಸೆಟ್ ಒಯ್ಯಬಹುದು.