ಮೊದಲು ನಿಲ್ಲೋದು, ಆಮೇಲೆ ಸ್ಟಿಕ್ಕು

ಬೇಸಿಗೆ ರಜೆ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಸ್ಕೇಟಿಂಗ್ ಪ್ರಶ್ನೆಗಳು ಬರುತ್ತವೆ. ಈ ಸಲ ಹೆಚ್ಚಿನವು ಐಸ್ ಹಾಕಿಯ ಬಗ್ಗೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮಕ್ಕಳ ಪಾಲಿಗೆ ಇರುವುದು ಸಿಮೆಂಟು, ದೂಳು ಮತ್ತು ಬೆಳಗಿನ ಎರಡು ಗಂಟೆಯ ತಂಪು. ಅಷ್ಟರಲ್ಲೇ ಕಲಿಯುವುದು ಬೇಕಾದಷ್ಟಿದೆ.

ಪ್ರಶ್ನೆ: ಒಂಬತ್ತು ವರ್ಷದ ಮಗಳು ಒಂದು ವರ್ಷದಿಂದ ಕ್ವಾಡ್ ಸ್ಕೇಟ್ಸ್ (ಮುಂದೆರಡು, ಹಿಂದೆರಡು ಚಕ್ರದ್ದು) ಹಾಕುತ್ತಿದ್ದಾಳೆ. ಈಗ ಐಸ್ ಹಾಕಿ ಆಡಬೇಕೆಂದು ಹಟ. ಇನ್‌ಲೈನ್ ಕೊಡಿಸಲೇಬೇಕೆ? ಕೊಡಿಸಿದರೆ ಎರಡು ವರ್ಷಕ್ಕಾದರೂ ಬರುವ ಅಳತೆ ಯಾವುದು?
– ತಾಯಿ, ಬಟವಾಡಿ, ತುಮಕೂರು

ಉತ್ತರ: ಗುರಿ ಐಸ್ ಆದರೆ ಇನ್‌ಲೈನೇ ಬೇಕು. ಚಕ್ರಗಳು ಒಂದೇ ಸಾಲಿನಲ್ಲಿರುವುದರಿಂದ ಒಳ ಅಂಚು, ಹೊರ ಅಂಚಿನ ಮೇಲೆ ವಾಲಿ ತಿರುಗುವುದು ರೂಢಿಯಾಗುತ್ತದೆ. ಐಸ್ ಬ್ಲೇಡಿಗೂ ಬೇಕಾದದ್ದು ಅದೇ. ಹಾಗಂತ ಕ್ವಾಡ್ ಅಟ್ಟಕ್ಕೆ ಹಾಕಬೇಡಿ. ಕ್ವಾಡ್ ಮೇಲೆ ಚೆಂಡಿನಲ್ಲಿ ಆಡುವ ರೋಲರ್ ಹಾಕಿ ಎಂಬ ಬೇರೆಯದೇ ಆಟವಿದೆ. ಗೋಲ್‌ಕೀಪರ್ ಸೇರಿ ತಂಡಕ್ಕೆ ಐವರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಅದು ಪ್ರದರ್ಶನ ಕ್ರೀಡೆಯಾಗಿತ್ತು. ಮಗಳಿಗೆ ಅದೇ ಹಿಡಿಸಿದರೂ ಹಿಡಿಸಬಹುದು.

ಎರಡು ವರ್ಷದ ಅಳತೆಯ ಯೋಚನೆಯನ್ನು ಮಾತ್ರ ಬಿಟ್ಟುಬಿಡಿ. ಶಾಲೆಯ ಶೂ ಒಂದು ಸೈಜು ದೊಡ್ಡದಾದರೆ ನಡೆಯುತ್ತದೆ, ಸ್ಕೇಟು ನಡೆಯುವುದಿಲ್ಲ. ಒಳಗೆ ಪಾದ ಜಾರಿದರೆ ಹರಡು ಒಳಕ್ಕೆ ವಾಲುತ್ತದೆ, ಮಗು ಎಷ್ಟು ತಳ್ಳಿದರೂ ಬಲ ನೆಲಕ್ಕೆ ಮುಟ್ಟುವುದಿಲ್ಲ. ಪಾದದ ಉದ್ದವನ್ನು ಸಂಜೆ ಹೊತ್ತು, ಸೆಂಟಿಮೀಟರಿನಲ್ಲಿ ಅಳೆಯಿರಿ. ಹಾಕಿ ಸ್ಕೇಟಿನ ನಂಬರು ಕಂಪನಿಯಿಂದ ಕಂಪನಿಗೆ ಬೇರೆ, ಮಾಮೂಲಿ ಶೂ ನಂಬರಿಗಂತೂ ತಾಳೆಯಾಗುವುದಿಲ್ಲ. ತೆಳು ಕಾಲುಚೀಲ ಹಾಕಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಎರಡು ಸಲ ಗುದ್ದಿಸಿ, ಲೇಸು ಕಟ್ಟಿಸಿ. ನೆಟ್ಟಗೆ ನಿಂತಾಗ ಹೆಬ್ಬೆರಳು ತುದಿಗೆ ಸೋಕಬೇಕು, ಮಂಡಿ ಬಗ್ಗಿಸಿದರೆ ಕೂದಲೆಳೆಯಷ್ಟು ಹಿಂದೆ ಸರಿಯಬೇಕು. ಹಿಮ್ಮಡಿಯ ಹಿಂದೆ ನಿಮ್ಮ ಕಿರುಬೆರಳು ಇಳಿಯಿತೆಂದರೆ ಆ ಸ್ಕೇಟು ದೊಡ್ಡದು.

ಚಕ್ರದ ಮೇಲೆ 76ಎ, 82ಎ ಎಂದೆಲ್ಲ ಬರೆದಿರುತ್ತದೆ. ಅದು ಗಡಸುತನ. ಸಿಮೆಂಟಿಗೆ 82ರಿಂದ 85 ತೆಗೆದುಕೊಳ್ಳಿ. 72–76ರ ಮೆತ್ತನೆ ಚಕ್ರ ಒಳಾಂಗಣದ ನುಣುಪು ನೆಲಕ್ಕೆ ಸರಿ, ಸಿಮೆಂಟಿನಲ್ಲಿ ರಬ್ಬರಿನ ಹಾಗೆ ಉಜ್ಜಿಹೋಗುತ್ತದೆ. ಚಕ್ರ ಸವೆಯುವುದು ಒಳಮಗ್ಗುಲಿನಲ್ಲಿ. ಒಂದು ಬದಿ ಇಳಿಜಾರಾದದ್ದು ಕಣ್ಣಿಗೆ ಕಂಡ ಕೂಡಲೇ ಅಲೆನ್ ಕೀ ಹಿಡಿದು ಒಂದನೆಯದನ್ನು ಮೂರನೆಯದರ ಜಾಗಕ್ಕೆ, ಎರಡನೆಯದನ್ನು ನಾಲ್ಕನೆಯದರ ಜಾಗಕ್ಕೆ ಅದಲುಬದಲು ಮಾಡಿ. ಹಾಕುವಾಗ ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ.

ಪ್ರಶ್ನೆ: ಮಗ ವಿಡಿಯೋ ನೋಡಿಕೊಂಡು ಐಸ್ ಆಟಗಾರರ ಹಾಗೆ ಎರಡೂ ಕಾಲು ಅಡ್ಡ ತಿರುಗಿಸಿ ಗಕ್ಕನೆ ನಿಲ್ಲಲು ಹೋಗುತ್ತಾನೆ. ದಿನಾ ಬೀಳುತ್ತಾನೆ. ಸ್ಕೇಟಿಗೆ ಬ್ರೇಕೂ ಇಲ್ಲ. ಏನು ತಪ್ಪು?
– ಪೋಷಕರು, ಕ್ಯಾತ್ಸಂದ್ರ

ಉತ್ತರ: ಹುಡುಗನ ತಪ್ಪಲ್ಲ, ನೆಲದ ಗುಣ. ಐಸ್ ಸ್ಕೇಟಿನ ಬ್ಲೇಡು ಸುಮಾರು 3 ಮಿಲಿಮೀಟರ್ ದಪ್ಪ. ಅಡ್ಡ ತಿರುಗಿಸಿದಾಗ ಅದು ಐಸಿನ ಮೇಲ್ಪದರವನ್ನು ತೆಂಗಿನಕಾಯಿ ತುರಿದ ಹಾಗೆ ಕೆರೆಯುತ್ತಾ ಜಾರುತ್ತದೆ. ಆ ಜಾರುವಿಕೆಯಲ್ಲೇ ವೇಗ ಸಾಯುತ್ತದೆ. ಇನ್‌ಲೈನಿನ ಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಚಕ್ರ ಸಿಮೆಂಟನ್ನು ಕಚ್ಚಿ ಹಿಡಿಯುತ್ತದೆ. ಅಡ್ಡ ತಿರುಗಿಸಿದರೆ ಕಾಲು ಅಲ್ಲೇ ನಿಂತು ಮೈ ಮುಂದಕ್ಕೆ ಹೋಗುತ್ತದೆ. ಹಾಕಿ ಇನ್‌ಲೈನ್‌ಗಳಿಗೆ ಹಿಮ್ಮಡಿ ಬ್ರೇಕು ಇರುವುದಿಲ್ಲ, ತಿರುಗುವಾಗ ಅಡ್ಡ ಬರುತ್ತದೆಂದು. ಆದ್ದರಿಂದ ನಿಲ್ಲುವುದನ್ನು ಕಾಲಿಗೇ ಕಲಿಸಬೇಕು, ಈ ಕ್ರಮದಲ್ಲಿ.

ಮೊದಲನೆಯದು ಬೀಳುವುದು. ಮಂಡಿ ಬಗ್ಗಿಸಿ ಕುಗ್ಗಿ, ನೀ ಪ್ಯಾಡ್ ನೆಲಕ್ಕೆ ಕೊಟ್ಟು, ಕೈಯ ಬೆರಳುಗಳನ್ನು ಮೇಲಕ್ಕೆತ್ತಿ ಜಾರಬೇಕು. ಹಿಂದಕ್ಕೆ ಬೀಳುವ ಮಕ್ಕಳೆಲ್ಲ ಮಂಡಿ ನೆಟ್ಟಗೆ ಮಾಡಿಕೊಂಡವರು. ದಿನಕ್ಕೆ ಐದು ಸಲ ಬೇಕೆಂದೇ ಬೀಳಿಸಿದರೆ ಹೆದರಿಕೆ ಹೋಗುತ್ತದೆ.

ಎರಡನೆಯದು ಪ್ಲೌ ಸ್ಟಾಪ್. ಕಾಲು ಭುಜಕ್ಕಿಂತ ಅಗಲ, ಮುಂಗಾಲು ಒಳಮುಖ, ಹಿಮ್ಮಡಿ ಹೊರಕ್ಕೆ ಒತ್ತು, ಕುರ್ಚಿಯಲ್ಲಿ ಕೂರುವ ಹಾಗೆ ಸೊಂಟ ಕೆಳಗೆ. ಮುಂಗಾಲು ತೀರಾ ಒಳಕ್ಕೆ ತಂದರೆ ಎರಡು ಸ್ಕೇಟೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ನಡುವೆ ಒಂದು ಮೊಳವಾದರೂ ಇರಲಿ.

ಮೂರನೆಯದು ಟಿ ಸ್ಟಾಪ್. ಮುಕ್ಕಾಲು ಭಾರ ಮುಂದಿನ ಕಾಲಿನ ಮೇಲೆ, ಆ ಮಂಡಿ ಚೆನ್ನಾಗಿ ಬಗ್ಗಿರಬೇಕು. ಹಿಂದಿನ ಕಾಲನ್ನು ಮುಂದಿನ ಹಿಮ್ಮಡಿಯ ಹಿಂದೆ ಅಡ್ಡಲಾಗಿ ಇಟ್ಟು, ನಾಲ್ಕೂ ಚಕ್ರ ಹಗುರವಾಗಿ ಎಳೆದುಕೊಂಡು ಬರುವಂತೆ ಒತ್ತಬೇಕು. ಮೈ ಗಿರ್ರನೆ ತಿರುಗಿಹೋಯಿತೆಂದರೆ ಹಿಂದಿನ ಕಾಲಿನ ಮೇಲೆ ಭಾರ ಹೆಚ್ಚಾಯಿತು, ಇಲ್ಲವೇ ಅದು ನೇರವಾಗಿ ಅಡ್ಡ ಕೂತಿಲ್ಲ. ಸಾಮಾನ್ಯವಾಗಿ ಮಕ್ಕಳು ಒಂದೇ ಕಾಲಿನಲ್ಲಿ ಇದನ್ನು ಕಲಿತು ಸುಮ್ಮನಾಗುತ್ತಾರೆ. ಆಟದಲ್ಲಿ ಚೆಂಡು ಎರಡೂ ಕಡೆಯಿಂದ ಬರುತ್ತದೆ, ಎರಡೂ ಕಾಲಿಗೆ ಬರಲೇಬೇಕು.

ನಾಲ್ಕನೆಯದು ಬಿಗಿ ತಿರುವು: ಒಂದು ಕಾಲು ಇನ್ನೊಂದರ ಮುಂದೆ, ತಿರುಗುವ ಕಡೆಗೆ ಮೊದಲು ತಲೆ, ಆಮೇಲೆ ಭುಜ, ಆಮೇಲೆ ಸೊಂಟ. ಸಿಮೆಂಟಿನ ಮೇಲೆ ಪಂದ್ಯದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಅಡ್ಡ ಜಾರಿ ನಿಲ್ಲುವುದು ಇದೆಲ್ಲ ಆಗಿ ವರ್ಷವಾದ ಮೇಲೆ, ಅದೂ ನುಣುಪು ನೆಲದಲ್ಲಿ.

ಪರೀಕ್ಷೆ ಹೀಗೆ ಮಾಡಿ. ಸೀಮೆಸುಣ್ಣದಲ್ಲಿ 2 ಮೀಟರ್ ಉದ್ದದ ಚೌಕ ಬರೆಯಿರಿ. 10 ಮೀಟರ್ ದೂರದಿಂದ ಜೋರಾಗಿ ಬಂದು ಚೌಕದೊಳಗೆ ನಿಲ್ಲಬೇಕು, ಕಾಲಿಗೆ ಹತ್ತು ಸಲ. ಹತ್ತರಲ್ಲಿ ಎಂಟು ಸರಿಯಾಗುವವರೆಗೆ ಕೈಗೆ ಸ್ಟಿಕ್ಕು ಕೊಡಬೇಡಿ. ಹುಡುಗ ಅಳಬಹುದು. ಆದರೆ ನಿಲ್ಲಲು ಬಾರದ ಮಗುವಿನ ಕೈಯಲ್ಲಿ ಸ್ಟಿಕ್ಕು ಊರುಗೋಲಾಗುತ್ತದೆ, ಅದರ ಮೇಲೇ ಭಾರ ಹಾಕಿ ನಿಲ್ಲುವುದನ್ನು ರೂಢಿಸಿಕೊಳ್ಳುತ್ತದೆ. ಅದನ್ನು ಬಿಡಿಸುವುದು ಬಹಳ ಕಷ್ಟ.

ಹೆಲ್ಮೆಟ್ಟು ಹುಬ್ಬಿನಿಂದ ಎರಡು ಬೆರಳು ಮೇಲಿರಲಿ, ಗಲ್ಲದ ಪಟ್ಟಿಯೊಳಗೆ ಒಂದೇ ಬೆರಳು ತೂರಲಿ.

ಪ್ರಶ್ನೆ: ನಾನು ಏಳನೇ ಕ್ಲಾಸು. ಶಾಲೆಯಲ್ಲಿ ಮೈದಾನದ ಹಾಕಿ ಆಡ್ತೀನಿ. ಐಸ್ ಹಾಕಿ ಸ್ಟಿಕ್ಕು ಯಾವ ಕೈಯಲ್ಲಿ ಹಿಡಿಯಬೇಕು? ಉದ್ದ ಎಷ್ಟು? ಮನೇಲಿ ಏನು ಪ್ರಾಕ್ಟೀಸ್ ಮಾಡಲಿ?
– ವಿದ್ಯಾರ್ಥಿ, ಬಂಗಾರಪೇಟೆ

ಉತ್ತರ: ಮೈದಾನದ ಹಾಕಿಯಲ್ಲಿ ಸ್ಟಿಕ್ಕಿನ ಚಪ್ಪಟೆ ಬದಿಯಿಂದ ಮಾತ್ರ ಹೊಡೆಯಬೇಕು, ಹಾಗಾಗಿ ಎಲ್ಲರದೂ ಎಡಗೈ ಮೇಲೆ, ಬಲಗೈ ಕೆಳಗೆ. ಐಸ್ ಹಾಕಿಯಲ್ಲಿ ಸ್ಟಿಕ್ಕಿನ ಬ್ಲೇಡಿನ, ಅಂದರೆ ಕೆಳಗಿನ ಚಪ್ಪಟೆ ಪಟ್ಟಿಯ, ಎರಡೂ ಬದಿ ನಡೆಯುತ್ತದೆ, ಹಿಡಿತವೂ ಎರಡು ಥರ. ನಿನಗೆ ಈಗಾಗಲೇ ಎಡಗೈ ಮೇಲಿಟ್ಟು ರೂಢಿಯಾಗಿದ್ದರೆ ಹಾಗೇ ಇರಲಿ, ಬಲಗೈ ಕೆಳಗೆ ಹಿಡಿಯುವವರ ‘ರೈಟ್’ ಸ್ಟಿಕ್ಕು ತಗೋ. ಹೊಸದಾಗಿ ಕಲಿಯುವ ತಮ್ಮನೋ ತಂಗಿಯೋ ಇದ್ದರೆ ಉದ್ದ ಹಿಡಿಯ ಪೊರಕೆ ಕೊಟ್ಟು ಗುಡಿಸಲು ಹೇಳು. ಯಾವ ಕೈ ತಾನಾಗಿ ಕೆಳಗೆ ಹೋಗುತ್ತದೋ ಅದೇ ಅವರ ಹಿಡಿತ.

ಸ್ಕೇಟು ಹಾಕಿ ನಿಂತಾಗ ಸ್ಟಿಕ್ಕಿನ ತುದಿ ಗಲ್ಲಕ್ಕೆ, ಬರಿಗಾಲಲ್ಲಿ ಮೂಗಿಗೆ ಬರಬೇಕು. ಹೆಚ್ಚಿದ್ದರೆ ಮೇಲಿನ ತುದಿಯನ್ನು ಆಕ್ಸಾ ಬ್ಲೇಡಿನಲ್ಲಿ ದೊಡ್ಡವರ ಕೈಲಿ ಕತ್ತರಿಸು. ಕತ್ತರಿಸಿದಷ್ಟೂ ಸ್ಟಿಕ್ಕು ಬಿರುಸಾಗುತ್ತದೆ, ನೆನಪಿರಲಿ. ಸ್ಟಿಕ್ಕಿನ ಮೇಲಿರುವ ಫ್ಲೆಕ್ಸ್ ನಂಬರು (ಹೆಚ್ಚಿದಷ್ಟೂ ಸ್ಟಿಕ್ಕು ಬಗ್ಗುವುದು ಕಡಿಮೆ) ನಿನ್ನ ತೂಕದ ಪೌಂಡಿನ ಅರ್ಧದ ಆಸುಪಾಸು ಇರಲಿ. 30 ಕಿಲೋ ಎಂದರೆ 66 ಪೌಂಡು, 30ರ ಫ್ಲೆಕ್ಸ್ ಸರಿ. ಅಣ್ಣನ 70ರ ಸ್ಟಿಕ್ಕು ನಿನ್ನ ಕೈಯಲ್ಲಿ ಬಗ್ಗುವುದೇ ಇಲ್ಲ.

ಮನೆಯಲ್ಲಿ ಸ್ಕೇಟು ಬೇಡ. ಟೈಲ್ಸ್ ನೆಲದ ಮೇಲೆ ಐದು ಕರಟ ಬೋರಲು ಹಾಕು, ಎರಡೆರಡು ಅಡಿಗೆ ಒಂದು. ಟೆನಿಸ್ ಬಾಲನ್ನು ಹಳೆ ಕಾಲುಚೀಲದಲ್ಲಿ ಸುತ್ತಿ ಗಂಟು ಹಾಕಿದರೆ ಪುಟಿಯುವುದಿಲ್ಲ. ಕರಟಗಳ ನಡುವೆ ಅದನ್ನು ಹಾಯಿಸು, 30 ಸೆಕೆಂಡ್ ಆಟ, 30 ಸೆಕೆಂಡ್ ಬಿಡುವು, ಆರು ಸುತ್ತು. ಮೇಲಿನ ಕೈ ಮಣಿಕಟ್ಟು ತಿರುಗಿಸುತ್ತದೆ. ಕೆಳಗಿನ ಕೈ ಸಡಿಲ, ಸ್ಟಿಕ್ಕು ಅದರೊಳಗೆ ಕೊಳವೆಯಲ್ಲಿ ತಿರುಗಿದ ಹಾಗೆ ತಿರುಗಬೇಕು. ಮೇಲಿನ ಮೊಣಕೈ ಹೊಟ್ಟೆಗೆ ಅಂಟಿಕೊಂಡರೆ ಚೆಂಡು ಒಂದು ಕಡೆಗೆ ಮಾತ್ರ ಹೋಗುತ್ತದೆ. ಮೊಣಕೈ ಮೈಯಿಂದ ಮುಂದಿರಲಿ. ಕಿವಿಗೊಟ್ಟು ಕೇಳು. ಟಕ್ ಟಕ್ ಎಂದು ಜೋರಾಗಿ ಬಡಿಯುತ್ತಿದ್ದರೆ ಕೈ ಬಿಗಿಯಾಗಿದೆ. ಸದ್ದು ಮೆತ್ತಗಾಗುತ್ತಾ ಬಂದರೆ ಕಲಿಯುತ್ತಿದ್ದೀಯ. ಆಮೇಲೆ ಎದುರಿಗೆ ಯಾರನ್ನಾದರೂ ಕೂರಿಸಿ ಬೆರಳು ತೋರಿಸಲು ಹೇಳು, ಚೆಂಡು ನೋಡದೆ ಎಷ್ಟು ಬೆರಳೆಂದು ಹೇಳಬೇಕು. ಸ್ಕೇಟು ಹಾಕಿದಾಗ ಮಾತ್ರ ನೆಲದಲ್ಲಿ ಕರಟ ಇಡಬೇಡ, ಹತ್ತಿದರೆ ಒಡೆದು ಚಕ್ರಕ್ಕೆ ಸಿಗುತ್ತದೆ. ಸೀಮೆಸುಣ್ಣದ ಗುರುತು ಸಾಕು.

ಪ್ರಶ್ನೆ: ನಿಜವಾದ ಐಸ್ ಹಾಕಿ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ತರಿಸಿದೆವು. ನಮ್ಮ ಕೋರ್ಟಿನಲ್ಲಿ ಜಾರುವುದೇ ಇಲ್ಲವಲ್ಲ?
– ಚಿಂತಾಮಣಿ

ಉತ್ತರ: ಜಾರುವುದಿಲ್ಲ. ಅದು 7.6 ಸೆಂಟಿಮೀಟರ್ ಅಗಲ, 2.5 ಸೆಂಟಿಮೀಟರ್ ದಪ್ಪ, 156ರಿಂದ 170 ಗ್ರಾಂ ತೂಕದ ಗಟ್ಟಿ ರಬ್ಬರು. ಐಸಿನ ಮೇಲೂ ಪುಟಿಯದಿರಲೆಂದು ಪಂದ್ಯಕ್ಕೆ ಮೊದಲು ಫ್ರೀಜರಿನಲ್ಲಿ ಇಡುತ್ತಾರೆ. ಸಿಮೆಂಟಿನ ಮೇಲೆ ಅಂಚಿನ ಮೇಲೆ ಎದ್ದು ನಿಂತು ಉರುಳುತ್ತದೆ. ಸಣ್ಣ ಗುಬುಟುಗಳಿರುವ ಇನ್‌ಲೈನ್ ಪಕ್ ಕೂಡ ನುಣುಪು ನೆಲಕ್ಕೇ. ನಿಮಗೆ ಕಿತ್ತಳೆ ಬಣ್ಣದ ಸ್ಟ್ರೀಟ್ ಹಾಕಿ ಚೆಂಡು ಸರಿ, ಅದು ಬಿಸಿಲಿನ ಊರಿಗೆ ಮಾಡಿದ್ದು. ಕ್ರಿಕೆಟ್ಟಿನ ಕಾರ್ಕ್ ಬಾಲ್ ಬೇಡವೇ ಬೇಡ.

ಪ್ರಶ್ನೆ: ನಮ್ಮ ಲೇಔಟಿನಲ್ಲಿ ಸ್ಕೇಟಿಂಗ್ ಬಲ್ಲ 24 ಮಕ್ಕಳಿದ್ದಾರೆ, ಒಂದು ಬ್ಯಾಸ್ಕೆಟ್‌ಬಾಲ್ ಕೋರ್ಟ್ ಇದೆ. ರಜೆಯಲ್ಲಿ ಪುಟ್ಟ ಲೀಗ್ ನಡೆಸಬಹುದೇ? ಗೋಲು ಪೆಟ್ಟಿಗೆಗೆ ದುಡ್ಡಿಲ್ಲ.
– ನಿವಾಸಿಗಳು, ಕೋಲಾರ

ಉತ್ತರ: ಧಾರಾಳವಾಗಿ. ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ ಇರುತ್ತದೆ. ಇಡೀ ಕೋರ್ಟಿನಲ್ಲಿ ಆಡಿಸಬೇಡಿ. ಬಲವಾದ ಇಬ್ಬರು ಹುಡುಗರು ಓಡುತ್ತಾರೆ, ಉಳಿದವರು ನೋಡುತ್ತಾರೆ. ಅಮೆರಿಕದಲ್ಲಿ ಎಂಟು ವರ್ಷದೊಳಗಿನವರಿಗೆ ಐಸ್ ರಿಂಕನ್ನು ಅಡ್ಡ ಭಾಗ ಮಾಡಿ, 113 ಗ್ರಾಮಿನ ನೀಲಿ ಪಕ್ಕಿನಲ್ಲಿ ಆಡಿಸುವುದು ಇದೇ ಕಾರಣಕ್ಕೆ. ನೀವೂ ನಡುಗೆರೆಯಲ್ಲಿ ಭಾಗ ಮಾಡಿ, ಎರಡು ಪಂದ್ಯ ಒಟ್ಟಿಗೇ ನಡೆಸಿ.

ಆರು ಮಕ್ಕಳ ನಾಲ್ಕು ತಂಡ. ಮೂವರು ಒಳಗೆ, ಮೂವರು ಹೊರಗೆ, ಗೋಲ್‌ಕೀಪರ್ ಬೇಡ. ಪಂದ್ಯ 24 ನಿಮಿಷ, 90 ಸೆಕೆಂಡಿಗೊಮ್ಮೆ ಸೀಟಿ, ಮೂವರೂ ಬದಲು. ಹೀಗೆ 16 ಸರದಿ, ಪ್ರತಿ ಮಗುವಿಗೂ ಸರಿಯಾಗಿ 12 ನಿಮಿಷ ಆಟ. ಯಾರ ಅಪ್ಪ ಅಮ್ಮನಿಗೂ ತಕರಾರಿಗೆ ಜಾಗವಿಲ್ಲ. ಎಲ್ಲರೂ ಎಲ್ಲರೊಡನೆ ಎರಡು ಸಲ ಆಡಿದರೆ 12 ಪಂದ್ಯ. ಒಂದು ಹೊತ್ತಿಗೆ ಎರಡು ಪಂದ್ಯದಂತೆ ಆರು ಹೊತ್ತು, ಭಾನುವಾರಕ್ಕೆ ಎರಡು ಹೊತ್ತೆಂದರೆ ಮೂರು ಭಾನುವಾರ. ನಾಲ್ಕನೆಯದು ಫೈನಲ್ಲಿಗೆ.

ಗೋಲು ಪೆಟ್ಟಿಗೆಗೆ ಕೋಲಾರದವರು ಯೋಚಿಸಬೇಕೆ? ಪ್ಲಾಸ್ಟಿಕ್ ಟೊಮೆಟೊ ಕ್ರೇಟನ್ನು ಬಾಯಿ ಕೋರ್ಟಿನ ಕಡೆಗಿರುವಂತೆ ಅಡ್ಡ ಮಲಗಿಸಿ, ಒಳಗೆ ಹಿಂಬದಿಗೆ ಒಂದು ಮರಳಿನ ಚೀಲ ಇಡಿ. ಚೆಂಡು ಚೀಲಕ್ಕೆ ಬಡಿದು ಅಲ್ಲೇ ಬೀಳುತ್ತದೆ, ಕ್ರೇಟೂ ಜರುಗುವುದಿಲ್ಲ. ಮುರಿದ ಅಂಚಿನ ಕ್ರೇಟು ಬೇಡ, ಮೇಲಂಚಿಗೆ ಹಳೆ ಸೈಕಲ್ ಟ್ಯೂಬು ಸುತ್ತಿ.

ನಿಯಮ ನಾಲ್ಕೇ ಸಾಕು: ಸ್ಟಿಕ್ಕು ಸೊಂಟದಿಂದ ಮೇಲೇಳಬಾರದು, ಬೀಸಿ ಹೊಡೆಯಬಾರದು, ಮೈಗೆ ಮೈ ಗುದ್ದಬಾರದು, ಗೋಲಾದ ಮೇಲೆ ಎದುರು ತಂಡಕ್ಕೆ 3 ಮೀಟರ್ ಜಾಗ ಬಿಡಬೇಕು. ಗುದ್ದಾಟವೇ ಐಸ್ ಹಾಕಿ ಎಂದು ವಿಡಿಯೋ ನೋಡಿದ ಮಕ್ಕಳು ವಾದ ಮಾಡುತ್ತಾರೆ. ಅಮೆರಿಕದ ಮಕ್ಕಳ ಹಾಕಿಯಲ್ಲೂ 2011ರಿಂದ 14ರ ವಯೋಮಿತಿಯ ವಿಭಾಗಕ್ಕಿಂತ ಕೆಳಗೆ ಅದು ನಿಷಿದ್ಧ ಎಂದು ಹೇಳಿ.

ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಎಂಟೂವರೆಗೆ ಮುಗಿಸಿ. ಆಟಕ್ಕೆ ಮೊದಲು ಕೋರ್ಟನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಗುಡಿಸಿ. ಮುಂಚಕ್ರಕ್ಕೆ ಸಿಕ್ಕ ಒಂದು ಸಣ್ಣ ಜಲ್ಲಿಕಲ್ಲು ಓಡುವ ಮಗುವನ್ನು ನಿಂತಲ್ಲೇ ಕೆಡವುತ್ತದೆ. ದೂಳಡಗಲೆಂದು ನೀರು ಮಾತ್ರ ಚಿಮುಕಿಸಬೇಡಿ, ಒದ್ದೆ ಸಿಮೆಂಟಿನಲ್ಲಿ ಚಕ್ರ ನಿಲ್ಲುವುದಿಲ್ಲ.

ಲೀಗ್ ಸುದ್ದಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಾಗ ಗೋಲು ಹೊಡೆದವರನ್ನಷ್ಟೇ ಬರೆಯಬೇಡಿ. ಐಸ್ ಹಾಕಿಯಲ್ಲಿ ಒಂದು ಗೋಲಿಗೆ ಇಬ್ಬರವರೆಗೆ ಅಸಿಸ್ಟ್ ಕೊಡುತ್ತಾರೆ. ಆಟಗಾರನ ಲೆಕ್ಕದಲ್ಲಿ ಗೋಲಿಗೂ ಒಂದು ಪಾಯಿಂಟು, ಅಸಿಸ್ಟಿಗೂ ಒಂದು ಪಾಯಿಂಟು. ಪಾಸು ಕೊಟ್ಟ ಮಗುವಿನ ಹೆಸರೂ ಬಂದರೆ ಮುಂದಿನ ವಾರ ಪಾಸು ತಾನಾಗಿ ಹೆಚ್ಚುತ್ತದೆ. ಎಂಟು ವರ್ಷದೊಳಗಿನವರ ಅಂಕಪಟ್ಟಿ ಹಾಕಲೇಬೇಡಿ.

ಪ್ರಶ್ನೆ: ಮಳೆಯಲ್ಲಿ ನೆನೆದ ಮೇಲೆ ಚಕ್ರ ಕರಕರ ಅನ್ನುತ್ತಿದೆ. ಕೊಬ್ಬರಿ ಎಣ್ಣೆ ಬಿಟ್ಟೆವು, ಇನ್ನೂ ಕೆಟ್ಟಿತು.
– ತಿಪಟೂರು

ಉತ್ತರ: ಕೊಬ್ಬರಿ ಎಣ್ಣೆ ಚಳಿಯ ಬೆಳಗಿನಲ್ಲಿ ಹೆಪ್ಪುಗಟ್ಟುತ್ತದೆ, ದೂಳು ಸೇರಿದರೆ ಅಂಟಾಗುತ್ತದೆ. ಎಂಟು ಚಕ್ರಕ್ಕೆ ಒಟ್ಟು 16 ಬೇರಿಂಗು. ಎಲ್ಲ ಹೊರತೆಗೆಯಿರಿ, ಎರಡು ಬೇರಿಂಗ್ ನಡುವಿನ ಪುಟ್ಟ ಕೊಳವೆ ಕಳೆಯದಿರಲಿ. ಬೇರಿಂಗಿನ ಮುಚ್ಚಳವನ್ನು ಪಿನ್ನಿನಿಂದ ಮೆಲ್ಲಗೆ ಎಬ್ಬಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹತ್ತು ನಿಮಿಷ ನೆನೆಸಿ ಅಲ್ಲಾಡಿಸಿ. ಬೆಂಕಿಯ ಹತ್ತಿರ ಬೇಡ. ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ, ತಲಾ ಎರಡೇ ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಡಿ. ಆಮೇಲೂ ಬೆರಳಲ್ಲಿ ತಿರುಗಿಸಿದಾಗ ಗೊರಗೊರ ಎಂದರೆ ಗುಂಡು ತುಕ್ಕು ಹಿಡಿದಿದೆ, ಬದಲಾಯಿಸಿ. 608 ಎಂದು ಕೇಳಿದರೆ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ.

ಪ್ರಶ್ನೆ: ನನಗೆ 13 ವರ್ಷ. ಇನ್‌ಲೈನ್ ಹಾಕಿ ಆಡ್ತೀನಿ. ಹುಡುಗಿಯರಿಗೆ ನಿಜವಾದ ಐಸ್ ಮೇಲೆ ಆಡೋ ಅವಕಾಶ ನಮ್ಮ ದೇಶದಲ್ಲಿದೆಯಾ?
– ಶಿಡ್ಲಘಟ್ಟ

ಉತ್ತರ: ಇದೆ ಪುಟ್ಟಿ. ಭಾರತ 1989ರಿಂದ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಸದಸ್ಯ ದೇಶ. ಮಹಿಳಾ ತಂಡ 2016ರಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿತು, 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಮಹಿಳಾ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಆಟಗಾರ್ತಿಯರಲ್ಲಿ ಹೆಚ್ಚಿನವರು ಲಡಾಖಿನವರು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಕಲಿತವರು. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಐಸ್ ಹಾಕಿ ಲೇಹ್‌ನಲ್ಲಿ ನಡೆಯುತ್ತದೆ. ಒಳಾಂಗಣ ಐಸ್ ಬೇಕೆಂದರೆ ಡೆಹ್ರಾಡೂನಿನ ಹಿಮಾದ್ರಿ ರಿಂಕು ಬಹಳ ಕಾಲ ಮುಚ್ಚಿದ್ದು 2025ರಲ್ಲಿ ಮತ್ತೆ ತೆರೆದಿದೆ. ನಿನ್ನ ಈಗಿನ ದಾರಿ ರೋಲರ್ ಸ್ಕೇಟಿಂಗ್ ಸಂಸ್ಥೆಯ ಇನ್‌ಲೈನ್ ಹಾಕಿ ಆಯ್ಕೆ ಪಂದ್ಯಗಳು.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಹೋದರೆ ಮೊದಲ ಎರಡು ದಿನ ಸ್ಕೇಟು ಕಟ್ಟಬೇಡ, ನೀರು ಕುಡಿದು ವಿಶ್ರಾಂತಿ ತಗೋ. ಐಸಿಗೆ ಇಳಿದ ಮೊದಲ ದಿನ ತಿರುವು, ಕ್ರಾಸ್‌ಓವರ್ (ಒಂದು ಕಾಲನ್ನು ಇನ್ನೊಂದರ ಮೇಲಿಂದ ದಾಟಿಸಿ ತಿರುಗುವುದು) ಎಲ್ಲ ನಿನಗೆ ಪರಿಚಯದ್ದೇ ಅನ್ನಿಸುತ್ತದೆ, ನಿಲ್ಲುವುದು ಮಾತ್ರ ಹೊಸದು. ಬದಿಯ ಕಟಕಟೆ ಹಿಡಿದು ನಿಂತು, ಒಂದೊಂದೇ ಕಾಲಿನ ಒಳ ಅಂಚಿನಿಂದ ಐಸನ್ನು ಹೊರಕ್ಕೆ ಕೆರೆ. ಬಿಳಿ ಪುಡಿ ಗುಡ್ಡೆಯಾಗಬೇಕು. ಎರಡೂ ಕಾಲಿಗೆ ಆ ಪುಡಿ ಬಂದ ಮೇಲೆ ಕಟಕಟೆ ಬಿಡು.