ದಾವಣಗೆರೆಯಲ್ಲಿ ಕೂತು ನೋಡಿದವರಿಗೆ 2023ರ ಕನ್ನಡ ಸಿನಿಮಾಗಳಲ್ಲಿ ತುಂಬಾ ಇಷ್ಟವಾದದ್ದು ಯಾವುದು, ಇಷ್ಟವಾಗದ್ದು ಯಾವುದು? ಹೇಗೆ ತೀರ್ಮಾನಿಸ್ತೀರಿ?

ನೇರವಾಗಿ ಹೇಳಿಬಿಡ್ತೀನಿ. ಆ ವರ್ಷ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹೇಮಂತ್ ಎಂ. ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ – ಸೈಡ್ ಎ’. ಅದರ ಹಿಂದೆ ‘ಡೇರ್‌ಡೆವಿಲ್ ಮುಸ್ತಾಫಾ’ ಮತ್ತು ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’. ಒಂಚೂರೂ ಹಿಡಿಸದೇ ಇದ್ದದ್ದು ‘ಕಬ್ಜ’. ನೀವು ಹೇಗೆ ತೀರ್ಮಾನಿಸ್ತೀರಿ ಅಂತಲೂ ಕೇಳಿದ್ದೀರಿ. ನಾನು ಸಿನಿಮಾವನ್ನು ಮೊದಲು ಕಿವಿಯಿಂದ ಅಳೀತೀನಿ. ಮಾತು ಕೇಳಿಸಬೇಕು, ಮಾತು ನಿಂತಾಗ ಆ ಮೌನವೂ ಕೇಳಿಸಬೇಕು.

ಸೈಡ್ ಎ ಬಂದದ್ದು ಸೆಪ್ಟೆಂಬರ್ 1ಕ್ಕೆ. ಕಥೆ ಕೇಳಿದರೆ ಹೊಸದೇನಿಲ್ಲ: ಶ್ರೀಮಂತರ ಮನೆಯ ಡ್ರೈವರ್ ಮನು, ಹಾಡುಗಾರ್ತಿಯಾಗಬೇಕು ಅನ್ನೋ ಪ್ರಿಯಾ, ಬೇರೆಯವರ ತಪ್ಪನ್ನು ದುಡ್ಡಿಗೋಸ್ಕರ ತಲೆ ಮೇಲೆ ಹಾಕಿಕೊಂಡು ಮನು ಜೈಲು ಸೇರೋದು. ಆದರೆ ಜೈಲಿನ ಭೇಟಿಯ ದೃಶ್ಯಗಳನ್ನು ಗಮನಿಸಿ. ಜಾಲರಿಯ ಆಚೆ ಅವನು, ಈಚೆ ಅವಳು. ಹೇಳಬೇಕಾದದ್ದು ಬೆಟ್ಟದಷ್ಟು, ಸಿಗೋದು ಕೆಲವೇ ನಿಮಿಷ. ಪ್ರಿಯಾ ಆಗಿರುವ ರುಕ್ಮಿಣಿ ವಸಂತ್ ಅಲ್ಲಿ ಅಳುವುದಕ್ಕಿಂತ ಅಳು ನುಂಗುವುದೇ ಹೆಚ್ಚು, ಆ ನುಂಗುವಿಕೆಗೆ ನಿರ್ದೇಶಕರು ಸಮಯ ಕೊಟ್ಟಿದ್ದಾರೆ. ಅಂಥ ಕಡೆ ಚರಣ್ ರಾಜ್ ಸಂಗೀತ ನುಗ್ಗಿ ಬಂದು “ಈಗ ಅಳಿ” ಅಂತ ಹೇಳೋದಿಲ್ಲ. ಅದ್ವೈತ ಗುರುಮೂರ್ತಿ ಕ್ಯಾಮೆರಾ ಇಡೀ ಚಿತ್ರಕ್ಕೆ ನೀಲಿಯನ್ನು ಹಿಡಿದಿಟ್ಟಿದೆ, ಸಮುದ್ರ ಎದುರಿಗಿಲ್ಲದಾಗಲೂ ಅದರ ನೆನಪು ಉಳಿಯುತ್ತೆ. ನವೆಂಬರ್ 17ಕ್ಕೆ ಬಂದ ಸೈಡ್ ಬಿ ಕೆಂಪಿಗೆ ತಿರುಗಿತು. ಅದು ಕೆಟ್ಟ ಚಿತ್ರವಲ್ಲ, ಚೈತ್ರಾ ಆಚಾರ್ ಪಾತ್ರ ಗಟ್ಟಿಯಾಗಿದೆ. ಆದರೆ ಸೇಡಿನ ಕಡೆ ಹೊರಳಿದ ಮೇಲೆ ಹೊಡೆದಾಟ ಜಾಸ್ತಿಯಾಯ್ತು, ಮೊದಲ ಭಾಗದ ತಾಳ್ಮೆ ಕಡಿಮೆಯಾಯ್ತು. ಎರಡನ್ನೂ ಒಂದೇ ದಿನ ಬೆನ್ನು ಬೆನ್ನಿಗೆ ನೋಡಬೇಡಿ. ಕಥೆಯ ನಡುವೆ ಹತ್ತು ವರ್ಷ ಕಳೆದಿರುತ್ತೆ, ಆ ಅಂತರ ನಿಮಗೂ ಸ್ವಲ್ಪ ಬೇಕು.

‘ಡೇರ್‌ಡೆವಿಲ್ ಮುಸ್ತಾಫಾ’ ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಬಂದದ್ದು, ತೇಜಸ್ವಿ ಓದುಗರೇ ದುಡ್ಡು ಕೂಡಿಸಿ ಮಾಡಿದ್ದು. ಮೇ 19ಕ್ಕೆ ಬಿಡುಗಡೆ. ನಿರ್ದೇಶಕ ಶಶಾಂಕ್ ಸೋಗಾಲ್ ಮಾಡಿದ ಜಾಣತನ ಏನಪ್ಪಾ ಅಂದ್ರೆ, ಹಿಂದೂ–ಮುಸ್ಲಿಂ ವಿಷಯವನ್ನು ಭಾಷಣಕ್ಕೆ ಬಿಡದೆ ಕಾಲೇಜಿನ ತರಲೆಗೂ ಕ್ರಿಕೆಟ್ ಮ್ಯಾಚಿಗೂ ಕಟ್ಟಿಹಾಕಿದ್ದು. ಕಥೆ ಓದಿದವರು “ಅದು ಬಿಟ್ಟುಹೋಗಿದೆ, ಇದು ಸೇರಿಸಿದ್ದಾರೆ” ಅಂತ ಲೆಕ್ಕ ಹಾಕೋದು ಬಿಟ್ಟು ನೋಡಿದರೆ ಒಳ್ಳೆಯದು.

‘ಹಾಸ್ಟೆಲ್ ಹುಡುಗರು...’ ಪೂರ್ತಿ ಗದ್ದಲ. ವಾರ್ಡನ್ ಸಾವು, ಹುಡುಗರ ಹೆಸರಿರುವ ಪತ್ರ, ಒಂದೇ ರಾತ್ರಿ, ಓಡಾಡುವ ಕ್ಯಾಮೆರಾ. ಹಾಗಾದರೆ ಮೌನ ಕೇಳುವವನಿಗೆ ಇದು ಹೇಗೆ ಹಿಡಿಸಿತು? ಎಷ್ಟು ಜನ ಕಿರುಚಿದರೂ ಯಾರು ಯಾಕೆ ಕಿರುಚ್ತಿದ್ದಾರೆ ಅಂತ ತಿಳಿಯುತ್ತೆ, ಅದಕ್ಕೇ. ಯುಬಿಡಿಟಿ, ಬಿಐಇಟಿ, ಜೆಜೆಎಂ ಕಾಲೇಜುಗಳ ಹುಡುಗರು ತುಂಬಿರುವ ಈ ಊರಿನಲ್ಲಿ ಇದನ್ನು ಕಾಲೇಜು ಹುಡುಗರ ಗುಂಪಿನ ಮಧ್ಯೆ ನೋಡೋದು ಬೇರೆಯದೇ ಮಜ. ಒಂದೇ ತೊಂದರೆ, ನಗು ಮುಂದಿನ ಡೈಲಾಗನ್ನು ಮುಚ್ಚಿಹಾಕುತ್ತೆ. ಎರಡನೇ ಸಲ ಮನೆಯಲ್ಲಿ ನೋಡಿ, ಸಿಗದ ಮಾತು ಆಗ ಸಿಗುತ್ತೆ.

‘ಕಬ್ಜ’ಕ್ಕೆ ಬರೋಣ. ಮಾರ್ಚ್ 17ಕ್ಕೆ ಬಂದ ಚಿತ್ರ. ವಾಯುಪಡೆಯ ಅಧಿಕಾರಿಯೊಬ್ಬ ಭೂಗತ ದೊರೆಯಾಗುವ ಕಥೆ. ಇದರಲ್ಲಿ ಒಂದು ದೊಡ್ಡ ಸಿನಿಮಾಕ್ಕೆ ಆಗುವಷ್ಟು ಸಾಮಾನಿದೆ. ಬಡಾಯಿ ಎಷ್ಟಿದ್ದರೂ ಸಹಿಸ್ತೀನಿ. ನನ್ನ ತಕರಾರು ಬೇರೆ: ಒಂದು ದೃಶ್ಯವೂ ಉಸಿರಾಡೋದಿಲ್ಲ. ನಿರೂಪಣೆಯ ದನಿ ಕಥೆ ಹೇಳುತ್ತೆ, ಹಿನ್ನೆಲೆ ಸಂಗೀತ ಅದನ್ನೇ ಕೂಗುತ್ತೆ, ಪರದೆ ಮತ್ತೆ ಮತ್ತೆ ಕಪ್ಪಾಗುತ್ತೆ. ಅಣ್ಣನನ್ನು ಕಳೆದುಕೊಂಡವನ ದುಃಖಕ್ಕೆ ಜಾಗವೇ ಇಲ್ಲದಿದ್ದರೆ ಆಮೇಲೆ ಅವನು ಹೊಡೆಯುವ ಏಟಿಗೆ ತೂಕ ಎಲ್ಲಿಂದ ಬರಬೇಕು? ಕೊನೆಗೆ ಮುಗಿಸುವ ಬದಲು ಮುಂದಿನ ಭಾಗಕ್ಕೆ ಕೈ ತೋರಿಸುತ್ತೆ. ‘ಕೆಜಿಎಫ್’ನ ಬಣ್ಣ, ಎಡಿಟಿಂಗ್, ಸದ್ದು ಎಲ್ಲ ತಂದರು, ಆದರೆ ಅಲ್ಲಿನ ತಾಯಿ–ಮಗನ ಎಳೆಯಂಥದ್ದು ಇಲ್ಲಿ ಒಂದೂ ಇಲ್ಲ.

‘ಟೋಬಿ’ಯನ್ನು ಇಷ್ಟವಾಗದ ಪಟ್ಟಿಗೆ ಹಾಕೋಕೆ ಮನಸ್ಸು ಬರಲ್ಲ. ಮಾತೇ ಬಾರದ ಪಾತ್ರದಲ್ಲಿ ರಾಜ್ ಬಿ. ಶೆಟ್ಟಿ ಕಣ್ಣಿನಲ್ಲೇ ಮಾತಾಡಿದ್ದಾರೆ. ಕೊನೆಯ ಭಾಗದ ರಕ್ತ ಮಾತ್ರ ಆ ಪಾತ್ರವನ್ನು ಚಿಕ್ಕದು ಮಾಡಿತು. ‘ಕಾಟೇರ’ ಬಂದದ್ದು ಡಿಸೆಂಬರ್ 29ಕ್ಕೆ, ಹೆಚ್ಚಿನವರು ನೋಡಿದ್ದು ಜನವರಿಯಲ್ಲಿ. ಪಟ್ಟಿ ಮಾಡುವಾಗ ಬಿಡುಗಡೆಯ ದಿನವನ್ನೇ ಹಿಡಿಯಿರಿ, ಇಲ್ಲದಿದ್ದರೆ ಇಂಥವು ಎರಡೂ ವರ್ಷದಿಂದ ಜಾರಿಹೋಗುತ್ತವೆ. ಉಳುವವನೇ ಹೊಲದೊಡೆಯ ಅನ್ನೋ ಭಾಗ, ಸಿನಿಮಾ ಸಂಭಾಷಣೆಕಾರ ಮಾಸ್ತಿಯವರ ಮಾತುಗಳು ಚೆನ್ನಾಗಿವೆ. ಫೈಟುಗಳು ಅರ್ಧಕ್ಕೆ ಇಳಿದಿದ್ದರೆ ಇನ್ನೂ ಮೇಲಿರುತ್ತಿತ್ತು.

ಈಗ ನೋಡುವ ವಿಧಾನ. ತಪ್ಪು ತೀರ್ಮಾನ ಬಹಳ ಸಲ ಇಲ್ಲೇ ಹುಟ್ಟೋದು. ಸ್ಟಾರ್ ಚಿತ್ರದ ಮೊದಲ ದಿನ ಶಿಳ್ಳೆ ಚಪ್ಪಾಳೆಯಲ್ಲಿ ಕೆಟ್ಟ ಸಂಭಾಷಣೆಯೂ ಪಾಸಾಗುತ್ತೆ, ಹಾಗಾಗಿ ಗದ್ದಲ ಇಳಿದ ಮೇಲೆ ನೋಡಿ. ಸಣ್ಣ ಚಿತ್ರಕ್ಕೆ ಇದು ಉಲ್ಟಾ: ಮುಂದಿನ ಶುಕ್ರವಾರಕ್ಕೆ ಎತ್ತಂಗಡಿ ಆಗಿರಬಹುದು, ಹಾಗಾಗಿ ಸೋಮವಾರ ಅಥವಾ ಮಂಗಳವಾರದ ಫಸ್ಟ್ ಶೋಗೇ ಹೋಗಿಬಿಡಿ. ಸೀಟು ಪರದೆಯಿಂದ ಮೂರರಲ್ಲಿ ಎರಡು ಭಾಗ ಹಿಂದೆ, ನಟ್ಟನಡುವೆ ಇರಲಿ. ಥಿಯೇಟರಿನ ಧ್ವನಿ ಹೊಂದಿಸುವಾಗ ಅಳೆಯೋದು ಆ ಜಾಗದಿಂದಲೇ.

ಥಿಯೇಟರಿನ ಸದ್ದು ಏರಿಸಿ ಇಳಿಸುವ ಸೌಂಡ್ ಪ್ರೊಸೆಸರಿನಲ್ಲಿ, ಚಿತ್ರದ ಧ್ವನಿ ಮಿಕ್ಸ್ ಮಾಡಿದವರು ಅಂದುಕೊಂಡ ಮಟ್ಟ 7. ಅಬ್ಬರದ ಸಿನಿಮಾಕ್ಕೆ ಜನ ಕಿವಿ ಮುಚ್ಚಿಕೊಂಡರೆ ಆಪರೇಟರ್ ಅದನ್ನು 5ಕ್ಕೋ ಇನ್ನೂ ಕೆಳಕ್ಕೋ ಇಳಿಸ್ತಾರೆ. ಮುಂದಿನ ವಾರ ಸೈಡ್ ಎ ಥರದ ಚಿತ್ರ ಅದೇ ಮಟ್ಟದಲ್ಲಿ ಓಡಿದರೆ ಪಿಸುಮಾತು ಫ್ಯಾನಿನ ಸದ್ದಿನಲ್ಲಿ ಕರಗಿಹೋಗುತ್ತೆ, ನೋಡಿದವರು “ಬೋರು” ಅಂತಾರೆ. ಇಂಟರ್ವಲ್ಲಿಗೆ ಕಾಯದೆ ಮೊದಲ ಹತ್ತು ನಿಮಿಷದಲ್ಲೇ ಎದ್ದುಹೋಗಿ ಸೌಂಡ್ ಏರಿಸಲು ಹೇಳಿ, ಸಾಮಾನ್ಯವಾಗಿ ಏರಿಸ್ತಾರೆ. ಬೆಳಕಿಗೂ ಅಳತೆಯಿದೆ: ಪರದೆಗೆ 14 ಫುಟ್ ಲ್ಯಾಂಬರ್ಟ್ (ಹೊಳಪು ಅಳೆಯುವ ಮಾನ). ಪ್ರೊಜೆಕ್ಟರಿನ ಜೆನಾನ್ ಲ್ಯಾಂಪ್ ಹಳೆಯದಾದಂತೆ ಅದು ಇಳಿಯುತ್ತೆ. 3ಡಿಗೆ ಹಾಕಿದ ಸಿಲ್ವರ್ ಸ್ಕ್ರೀನ್ ಇದ್ದರೆ ಪಕ್ಕದ ಸೀಟುಗಳಿಗೆ ಇನ್ನೂ ಮಂಕು. ‘ಕಬ್ಜ’ದಂಥ ಕಪ್ಪು ಬಣ್ಣದ ಚಿತ್ರ ಅಲ್ಲಿ ಮಸಿಯಾಗಿ ಕಾಣುತ್ತೆ. ಹಾಗಾಗಿ ಛಾಯಾಗ್ರಹಣ ಚೆನ್ನಾಗಿಲ್ಲ ಅನ್ನುವ ಮೊದಲು ಅದೇ ದೃಶ್ಯವನ್ನು ಟಿವಿಯಲ್ಲೂ ನೋಡಿ.

ಮನೆಯಲ್ಲಿ ನೋಡುವಾಗ ಮಾತು ಸಣ್ಣಗೆ, ಹಾಡು ಜೋರಾಗಿ ಕೇಳ್ತಿದ್ದರೆ ಆಡಿಯೋ ಸೆಟ್ಟಿಂಗಿನಲ್ಲಿ 5.1 ತೆಗೆದು ಸ್ಟೀರಿಯೋ ಇಡಿ. ಎರಡೇ ಸ್ಪೀಕರಿನ ಟಿವಿ ಆರು ಚಾನೆಲ್ಲಿನ ಧ್ವನಿಯನ್ನು ಕುಗ್ಗಿಸುವಾಗ ಪೆಟ್ಟು ಬೀಳೋದು ಸಂಭಾಷಣೆಗೇ. ಸೈಡ್ ಎ ನೋಡುವಾಗಲಂತೂ ಇದನ್ನು ಮೊದಲೇ ಮಾಡಿಕೊಳ್ಳಿ.