ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಹೆಚ್ಚಾಗಿದೆ ಅಂತ ನೇರ ಗೆರೆ ಎಳೆದು ಹೇಳಬಹುದಾ?

ಅರಬ್ಬಿ ಸಮುದ್ರದ ವರ್ಷವಾರು ಚಂಡಮಾರುತಗಳ ಲೆಕ್ಕಕ್ಕೆ ಎಕ್ಸೆಲ್‌ನಲ್ಲಿ ನೇರ ಗೆರೆ ಎಳೆದೆ, ಅದು ಏರುತ್ತಿದೆ, ಅಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಲದು.

ನಾನು ಉಡುಪಿಯಲ್ಲಿ ಸ್ಟಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ, ಮನೆ ಮಲ್ಪೆ ಹತ್ತಿರ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿಗೆ ಹೋದಾಗಿನಿಂದ ಇಲ್ಲಿ ಎಲ್ಲರೂ ಹೇಳುವುದು ಒಂದೇ, ತೂಫಾನು ಈಗ ಜಾಸ್ತಿ ಅಂತ. ಬೋಟಿನವರ ಈ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದಕ್ಕೇ ಲೆಕ್ಕ ಸರಿಯಾಗಿರಬೇಕು.

ಇವು ಎಣಿಕೆಯ ಸಂಖ್ಯೆಗಳು: 0, 1, 2. ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಆದರೆ ನೇರ ಗೆರೆ ಹೋಗಬಹುದು. ಎಣಿಕೆಗೆಂದೇ ಇರುವ ಪಾಯ್ಸಾನ್ ರಿಗ್ರೆಶನ್ ಎಂಬ ಮಾದರಿ ಬಳಸಿ. ಅದರಲ್ಲಿ ನೇರ ಗೆರೆಯಂತೆ ಏರುವುದು ಸರಾಸರಿಯಲ್ಲ, ಸರಾಸರಿಯ ಲಾಗ್ (ಲಾಗರಿದಮ್); ಹಾಗಾಗಿ ಸರಾಸರಿ ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. ವರ್ಷದ ಗುಣಾಂಕ, ಅಂದರೆ ಆ ಲಾಗ್ ವರ್ಷಕ್ಕೆ ಏರುವ ಪ್ರಮಾಣ, 0.01 ಬಂದರೆ, ಸರಾಸರಿ ವರ್ಷಕ್ಕೆ ಸುಮಾರು 1% ಏರುತ್ತಿದೆ ಎಂದರ್ಥ.

ಆದರೆ ಪಾಯ್ಸಾನ್ ಕೂಡ ಪೂರ್ತಿ ಹೊಂದುವುದಿಲ್ಲ. ಸರಾಸರಿ ವರ್ಷಕ್ಕೆ ಒಂದು ಎಂದಿಟ್ಟುಕೊಳ್ಳಿ. ಆಗ 100ರಲ್ಲಿ ಸುಮಾರು 37 ವರ್ಷ ಒಂದೂ ಬರುವುದಿಲ್ಲ. ಐದು ಅಥವಾ ಜಾಸ್ತಿ ಬರುವುದು ಸುಮಾರು 270 ವರ್ಷಕ್ಕೊಮ್ಮೆ. ನಿಜವಾಗಿ ಐದು ಬಂದದ್ದು 1902ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ: ವಾಯು, ಹಿಕಾ, ಕ್ಯಾರ್, ಮಹಾ, ಪವನ್. ಅಂದರೆ ವರ್ಷ ವರ್ಷಕ್ಕೆ ಏರಿಳಿತ ಪಾಯ್ಸಾನ್ ಹೇಳುವುದಕ್ಕಿಂತ ಜಾಸ್ತಿ ಅಲ್ವಾ? 2019ರಲ್ಲಿ ಹಿಂದೂ ಮಹಾಸಾಗರದ ಡೈಪೋಲ್, ಅಂದರೆ ಸಾಗರದ ಪಶ್ಚಿಮ ಮತ್ತು ಪೂರ್ವ ಭಾಗದ ನೀರಿನ ಬಿಸಿಯ ವ್ಯತ್ಯಾಸ, ಬಹಳ ಬಲವಾಗಿತ್ತು. ಪಶ್ಚಿಮ ಭಾಗದ ನೀರು ಎಂದಿಗಿಂತ ಬಿಸಿಯಾಗಿತ್ತು. ಹಾಗಾಗಿ ಡೈಪೋಲ್ ಸೂಚ್ಯಂಕವನ್ನೂ ಮಾದರಿಗೆ ಸೇರಿಸಿ, ಪಾಯ್ಸಾನ್‌ಗಿಂತ ಜಾಸ್ತಿ ಏರಿಳಿತಕ್ಕೆ ಜಾಗ ಕೊಡುವ ನೆಗೆಟಿವ್ ಬೈನಾಮಿಯಲ್ ಮಾದರಿ ಕೂಡ ಹಾಕಿ ನೋಡಿ. ಇಲ್ಲದಿದ್ದರೆ ಅನಿಶ್ಚಿತತೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಇಲ್ಲದ ಏರಿಕೆಯೂ ಗಟ್ಟಿ ಏರಿಕೆಯಂತೆ ತೋರುತ್ತದೆ.

ಏನನ್ನು ಎಣಿಸಿದ್ದೀರಿ ಎಂದೂ ನೋಡಿಕೊಳ್ಳಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಮಾತ್ರ ಚಂಡಮಾರುತ. ಅದಕ್ಕಿಂತ ಕಡಿಮೆಯದ್ದು ವಾಯುಭಾರ ಕುಸಿತ.

ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಆರಂಭದ ವರ್ಷದ್ದು. 1960ರ ದಶಕಕ್ಕೆ ಮುಂಚೆ ಉಪಗ್ರಹದ ಚಿತ್ರವೇ ಇರಲಿಲ್ಲ. ಹಡಗು ಹೋಗದ ಕಡೆ ಎದ್ದು, ಅಲ್ಲೇ ಸತ್ತ ತೂಫಾನು ಲೆಕ್ಕಕ್ಕೇ ಸಿಕ್ಕಿರಲಿಕ್ಕಿಲ್ಲ. ಕಣ್ಣು ಚುರುಕಾದದ್ದನ್ನೇ ಗಾಳಿ ಹೆಚ್ಚಾಯಿತು ಎಂದುಕೊಂಡುಬಿಡುತ್ತೇವೆ. ಆರಂಭವನ್ನು 1970, 1980, 1990 ಎಂದು ಬದಲಿಸಿ ಮೂರು ಸಲ ಮಾಡಿ. ಗುಣಾಂಕ ಎಷ್ಟು ಅಲುಗಾಡುತ್ತದೆ ನೋಡಿ. ನೀವು ಯಾವ ವರ್ಷದಿಂದ ಶುರು ಮಾಡಿದ್ದೀರಿ, ತಿಳಿಸಿ.